ಹತ್ತು ಸೆಕೆಂಡಿನ ಲೆಕ್ಕ

ಈಚೆಗೆ ನಮ್ಮ ದೇಶದ ಅನೇಕ ಕಾರುಗಳಿಗೆ ‘ಅಡಾಸ್’ ಎಂಬ ಚಾಲಕ-ಸಹಾಯಕ ವ್ಯವಸ್ಥೆ ಬಂದಿದೆ. ಮುಂಗಾಜಿನ ಹಿಂದೆ ಒಂದು ಕ್ಯಾಮೆರಾ, ಮುಂದಿನ ಬಂಪರಿನ ಬಳಿ ಒಂದು ರಾಡಾರ್. ಮುಂದಿನ ಗಾಡಿ ನಿಧಾನವಾದರೆ ಕಾರು ತಾನೇ ವೇಗ ತಗ್ಗಿಸುತ್ತದೆ. ಡಿಕ್ಕಿಯಾಗುವಂತಿದ್ದರೆ ಬ್ರೇಕ್ ಹಾಕುತ್ತದೆ. ಹಾಗಾದರೆ ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡೋದೂ ಸುಲಭವಾಯಿತಲ್ಲ ಅಂತ ಯಾರಿಗಾದರೂ ಅನ್ನಿಸುತ್ತೆ. ನಾವು ಕಾಮರ್ಸಿನವರು, ಲೆಕ್ಕ ಹಾಕಿಯೇ ನೋಡೋಣ.

ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿದೆ, ಕಾರು 80ರಲ್ಲಿ. ವ್ಯತ್ಯಾಸ 20 ಕಿ.ಮೀ., ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಲಾರಿಯ ಹಿಂದಿನ ಅಂತರ, ಲಾರಿಯ ಉದ್ದ, ದಾಟಿದ ಮೇಲೆ ಎಡಕ್ಕೆ ಸೇರಲು ಬೇಕಾದ ಜಾಗ, ಎಲ್ಲ ಕೂಡಿ 55 ಮೀಟರ್ ಅಂತಿಟ್ಟುಕೊಳ್ಳಿ. ಹತ್ತು ಸೆಕೆಂಡು ಬೇಕು. ಎದುರಿಗೆ ಬಸ್ಸೊಂದು 80ರಲ್ಲೇ ಬರುತ್ತಿದ್ದರೆ ಎರಡೂ ಸೆಕೆಂಡಿಗೆ 44 ಮೀಟರ್ ಹತ್ತಿರವಾಗುತ್ತವೆ. ಹತ್ತು ಸೆಕೆಂಡಿಗೆ 440 ಮೀಟರ್! ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1976ರ ಶಿಫಾರಸಿನಲ್ಲೂ 80 ಕಿ.ಮೀ. ವೇಗದ ರಸ್ತೆಯಲ್ಲಿ ಓವರ್‌ಟೇಕಿಗೆ 470 ಮೀಟರ್ ಮುಂದಕ್ಕೆ ಕಾಣಬೇಕೆಂದಿದೆ.

ಇದು ಖರ್ಚಿನ ಬಾಬ್ತು. ಈಗ ಜಮೆ ನೋಡಿ. ಕಾರಿನ ರಾಡಾರ್ ಸಾಮಾನ್ಯವಾಗಿ ಕಾಣುವುದು ಸುಮಾರು 200 ಮೀಟರ್. ಬಸ್ಸು ಅದರ ಕಣ್ಣಿಗೆ ಬೀಳುವ ಹೊತ್ತಿಗೆ ಉಳಿದಿರುವುದು ನಾಲ್ಕೂವರೆ ಸೆಕೆಂಡು ಅಷ್ಟೇ. ಲಾರಿಯ ಹಿಂದಿರುವಾಗಲಂತೂ ಕ್ಯಾಮೆರಾಕ್ಕೆ ಲಾರಿಯ ಬೆನ್ನೇ ಪ್ರಪಂಚ. ಸಾಲದ್ದಕ್ಕೆ, ಅಂತರ ಕಾಯುವ ಕ್ರೂಸ್ ಹಾಕಿಕೊಂಡಿದ್ದರೆ ಕಾರು ಲಾರಿಯ 60ಕ್ಕೇ ಇಳಿದಿರುತ್ತದೆ. ಅಲ್ಲಿಂದ ವೇಗ ಏರಿಸಿಕೊಂಡು ಹೊರಟರೆ ಹತ್ತು ಸೆಕೆಂಡೂ ಸಾಕಾಗೋದಿಲ್ಲ.

2015ರಲ್ಲಿ ಅರ್ಜೆಂಟೀನಾದಲ್ಲಿ ಸ್ಯಾಮ್‌ಸಂಗ್ ಕಂಪನಿ ಒಂದು ಪ್ರಯೋಗ ಮಾಡಿತು. ಲಾರಿಯ ಮುಂದೆ ಕ್ಯಾಮೆರಾ, ಹಿಂಬದಿಗೆ ದೊಡ್ಡ ಪರದೆ. ಮುಂದಿನ ರಸ್ತೆ ಹಿಂದಿನವರಿಗೆ ಕಾಣುತ್ತದೆ. ಒಳ್ಳೆಯ ಉಪಾಯವೇ. ಆದರೂ ಎದುರಿನ ಬಸ್ಸು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಅಳೆಯಬೇಕಾದವನು ಚಾಲಕನೇ.

ಹಾಗಂತ ಅಡಾಸ್ ದಂಡವಲ್ಲ. ಹತ್ತಿರದ ಅಪಾಯಕ್ಕೆ, ಗಮನ ತಪ್ಪಿದ ಗಳಿಗೆಗೆ ಅದು ನಿಜವಾಗಿ ಆಗಿಬರುತ್ತದೆ. ಓವರ್‌ಟೇಕಿಗೆ ಬೇಕಾದ್ದು ಮಾತ್ರ ದೂರದ ನೋಟ. ತಿರುವು, ದಿಬ್ಬ, ಅರ್ಧ ಕಿಲೋಮೀಟರ್ ರಸ್ತೆ ಖಾಲಿ ಕಾಣದ ಜಾಗಗಳಲ್ಲಿ ಲಾರಿಯ ಹಿಂದೆಯೇ ಇರುವುದು ಲೇಸು. ರಜೆಯಲ್ಲಿ ಗೆಳೆಯರ ಕಾರಿನಲ್ಲಿ ಊರಿಗೆ ಹೊರಟಾಗ, ಸ್ಟೇರಿಂಗ್ ಹಿಡಿದವನು “ಕಾರೇ ನೋಡ್ಕೊಳ್ಳುತ್ತೆ ಬಿಡೋ” ಅಂದರೆ ಅವನಿಗೆ ಈ ಲೆಕ್ಕ ಹೇಳಿ.