ಡಿಗ್ರಿ ವೇಸ್ಟಾ? ಅಂಕಿಯನ್ನು ಸರಿಯಾಗಿ ಓದಿ

2022ರಲ್ಲಿ ದೇಶದ ಪದವೀಧರ ಯುವಜನರ ನಿರುದ್ಯೋಗ ಪ್ರಮಾಣ ಶೇ. 29.1, ಓದು-ಬರಹ ಬಾರದ ಯುವಜನರದ್ದು ಬರೀ ಶೇ. 3.4. ಇದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿಯಲ್ಲಿರುವ ಲೆಕ್ಕ. ಹಾಗಾದ್ರೆ ಕಾಲೇಜಿಗೆ ಹೋಗೋದೇ ದಂಡವೇ?

ಅಲ್ಲ. ಕೆಲಸ ಹುಡುಕಿಯೂ ಸಿಗದವರಷ್ಟೇ ಇಲ್ಲಿ ನಿರುದ್ಯೋಗಿಗಳು. ಬಡವರಿಗೆ ಕಾಯುತ್ತಾ ಕೂರೋಕೆ ಆಗಲ್ಲ. ಸಿಕ್ಕ ಕೂಲಿಗೆ ಹೋಗ್ತಾರೆ. ಆ ಕೂಲಿ ಎಷ್ಟು, ನಾಳೆಯೂ ಇರುತ್ತಾ ಅನ್ನೋದು ಈ ಅಂಕಿಯಲ್ಲಿ ಕಾಣಲ್ಲ.

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಆಗಿ ಬೇಗ ದುಡಿಯಲೇಬೇಕಾದವರಿಗೂ ಓದಿನ ಬಾಗಿಲು ಮುಚ್ಚಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಆದವರಿಗೆ ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ.

ಬಡ ಮಕ್ಕಳಿಗೆ ‘ಕಾಲೇಜು ಬೇಡ’ ಎನ್ನುವ ಬದಲು, ಓದಿದವರಿಗೆ ಕೆಲಸ ಯಾಕಿಲ್ಲ ಅಂತ ಸರ್ಕಾರಗಳನ್ನು ಕೇಳೋಣ.