ಗಂಜಿ ಕುಡಿದ ದೆವ್ವ

ಒಂದು ಬಾಟಲಿಯ ತಲೆಯ ಮೇಲೆ ಊದಿದ ಬಲೂನು ಕೂರಿಸಿ, ಎರಡೂ ಪಕ್ಕಕ್ಕೆ ತಂತಿಯ ತೋಳು ಕಟ್ಟಬೇಕು. ಗಾಯಕ್ಕೆ ಸುತ್ತುವಂಥ ತೆಳು ಹತ್ತಿಬಟ್ಟೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ಪೂರ್ತಿ ಹಿಂಡದೆ, ಅದರ ಮೇಲೆ ಇಳಿಬಿಡಬೇಕು. ರಾತ್ರಿ ಕಳೆದು ಬಟ್ಟೆ ಗರಿಗರಿಯಾದ ಮೇಲೆ ಬಲೂನಿಗೆ ಸೂಜಿ ಚುಚ್ಚಿ, ತಂತಿ ಬಿಡಿಸಿ, ಬಾಟಲಿಯನ್ನು ಮೆಲ್ಲಗೆ ತೆಗೆದರೆ ಬಟ್ಟೆ ತನ್ನಷ್ಟಕ್ಕೆ ನಿಂತಿರುತ್ತದೆ. ಕಪ್ಪು ಕಾಗದದ ಎರಡು ಕಣ್ಣು ಅಂಟಿಸಿದರೆ ದೆವ್ವ ಸಿದ್ಧ. ಅಮೆರಿಕದ ಮನೆಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್‌ಗೆಂದು ಮಕ್ಕಳನ್ನು ಕೂರಿಸಿಕೊಂಡು ಮಾಡುವ ಅಲಂಕಾರಗಳಲ್ಲಿ ಇದೂ ಒಂದು. ಅಂಗಡಿಗೆ ಹೋದರೆ ಗುಂಡಿ ಒತ್ತಿದೊಡನೆ ಕಿರುಚಿ ಕಣ್ಣು ಕೆಂಪಾಗಿಸುವ ಪ್ಲಾಸ್ಟಿಕ್ ಅಸ್ಥಿಪಂಜರವೂ ಸಿಗುತ್ತದೆ. ಬಾಗಿಲಲ್ಲಿ ಎರಡನ್ನೂ ನಿಲ್ಲಿಸಿದರೆ ಹೆದರಿಸುವುದರಲ್ಲಿ ಗೆಲ್ಲುವುದು ಅಂಗಡಿಯದೇ. ಆದರೂ ಗಂಜಿಯ ದೆವ್ವದ ಪರವಾಗಿ ಹೇಳಬೇಕಾದ ಮಾತೊಂದಿದೆ: ಅದರ ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲೂನು ಒಡೆದದ್ದು ಅದೇ ತಾನೆ.

ಹೆದರಿಕೆಯನ್ನು ಕೈಯಾರೆ ಮಾಡಿ ಬಾಗಿಲಲ್ಲಿಡುವ ಈ ಪದ್ಧತಿ ಹಳೆಯದು. ಹ್ಯಾಲೋವೀನ್ ಎಂದರೆ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ. ಮರುದಿನ ಕ್ರೈಸ್ತರ ಸಕಲ ಸಂತರ ದಿನ. ಆ ರಾತ್ರಿ ಸತ್ತವರು, ಗಾಳಿಗಳು ಹೊರಗೆ ಅಲೆಯುತ್ತವೆಂಬ ನಂಬಿಕೆಯಿತ್ತು. ಹೊಲದಿಂದ ಕಿತ್ತ ಟರ್ನಿಪ್ ಗಡ್ಡೆಯನ್ನು ಟೊಳ್ಳು ಮಾಡಿ, ಕಣ್ಣುಬಾಯಿ ಕೊರೆದು, ಒಳಗೆ ದೀಪವಿಟ್ಟು ಅವುಗಳನ್ನೇ ಬೆದರಿಸುತ್ತಿದ್ದರು. ಐರ್ಲೆಂಡಿನ ಮೇಯೋ ಕೌಂಟಿಯ ಟರ್ಲೋ ಪಾರ್ಕ್‌ನಲ್ಲಿರುವ ಗ್ರಾಮೀಣ ಬದುಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದರ ಪ್ಲಾಸ್ಟರ್ ಅಚ್ಚು ಇದೆ. ಡೊನೆಗಾಲ್‌ನ ಫಿನ್‌ಟೌನ್ ಎಂಬ ಹಳ್ಳಿಯ ಶಾಲಾ ಶಿಕ್ಷಕರೊಬ್ಬರು 1943ರಲ್ಲಿ ಕೊಟ್ಟ ಗಡ್ಡೆ ಕೊಳೆಯುತ್ತಿದ್ದುದರಿಂದ ಅಚ್ಚು ತೆಗೆದಿಟ್ಟರು. ಸುಕ್ಕುಗಟ್ಟಿದ ಚರ್ಮ, ಕಚ್ಚಿಹಿಡಿದ ಹಲ್ಲು. ಹ್ಯಾಲೋವೀನ್‌ಗೆ ಇಂದು ಕೊರೆಯುವ ನಗುಮುಖದ ಕುಂಬಳಕಾಯಿ ಅದರ ಮುಂದೆ ತೀರಾ ಸಾಧು. ಕುಂಬಳಕಾಯಿ ಬಂದದ್ದು ಕಡಲಾಚೆ. 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದಿಂದ ಅಮೆರಿಕಕ್ಕೆ ಗುಳೆಹೋದ ಐರಿಷ್ ಜನ ಹಬ್ಬವನ್ನೂ ಜತೆಗೊಯ್ದರು. ಅಲ್ಲಿನ ಕುಂಬಳಕಾಯಿ ಮೊದಲೇ ಅರೆಟೊಳ್ಳು, ತಿರುಳು ಮೆತ್ತಗೆ. ಗಟ್ಟಿ ಟರ್ನಿಪ್ಪನ್ನು ಚಮಚದಲ್ಲಿ ಕೆರೆಯುವುದು ದೊಡ್ಡವರಿಗೇ ಕೈನೋವು; ಕುಂಬಳಕಾಯಿಯಾದರೆ ಐದು ವರ್ಷದ ಮಗುವೂ ಕೈ ಹಾಕಿ ಬೀಜ ಬಾಚಬಲ್ಲದು. ಈ ಕಸುಬು ಮಕ್ಕಳ ಕೈಗೆ ದಾಟಲು ಅರ್ಧ ಕಾರಣ ಈ ಕಾಯಿಯ ಗುಣವೇ ಎಂದು ನನ್ನ ಅನಿಸಿಕೆ.

ಈಗ ಆ ಕಸುಬಿನ ಜಾಗಕ್ಕೆ ಅಂಗಡಿಯ ಅಸ್ಥಿಪಂಜರ ಬಂದಿದೆ. ಹಾಗಾದರೆ ಎಲ್ಲವನ್ನೂ ಕೆಡಿಸಿದ್ದು ಮಾರುಕಟ್ಟೆಯೇ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಮಸಾಚುಸೆಟ್ಸ್‌ನ ಡೆನಿಸನ್ ಕಂಪನಿ 1909ರಲ್ಲಿ ‘ಬೋಗಿ ಬುಕ್’ ಎಂಬ ತೆಳು ಪುಸ್ತಕ ಹೊರತಂದಿತು. ಹ್ಯಾಲೋವೀನ್‌ಗೆ ಮನೆ ಸಿಂಗರಿಸುವುದು ಹೇಗೆ, ವೇಷ ಹೊಲಿಯುವುದು ಹೇಗೆ, ಯಾವ ಆಟ ಆಡಿಸುವುದು ಎಂದೆಲ್ಲ ಅದು ಹೇಳಿಕೊಡುತ್ತಿತ್ತು. ಕಂಪನಿ ಮಾರುತ್ತಿದ್ದದ್ದು ಕ್ರೇಪ್ ಕಾಗದ. ಪುಸ್ತಕದ ಉದ್ದೇಶ ವ್ಯಾಪಾರವೇ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಕೊಂಡ ಕಾಗದವನ್ನು ಮನೆಯಲ್ಲಿ ಯಾರಾದರೂ ಕತ್ತರಿಸಲೇಬೇಕಿತ್ತು, ಮಡಿಸಲೇಬೇಕಿತ್ತು. ಇಂದಿನ ಪೊಟ್ಟಣದಲ್ಲಿ ಬಿಚ್ಚುವುದರ ಹೊರತು ಬೇರೆ ಕೆಲಸವಿಲ್ಲ. ದುಡ್ಡು ಕೊಟ್ಟು ತಂದದ್ದೋ ಅಲ್ಲವೋ ಎಂಬುದಕ್ಕಿಂತ, ತಂದದ್ದರಲ್ಲಿ ಮಗುವಿನ ಪಾಲಿಗೆ ಎಷ್ಟು ಕೆಲಸ ಉಳಿದಿದೆ ಎಂದು ಕೇಳುವುದು ವಾಸಿ. ಕೆಲಸವಿಲ್ಲದ ಕೈ ಏನು ಮಾಡುತ್ತದೆಂಬುದಕ್ಕೆ ಮಿನೆಸೋಟಾದ ಅನೋಕಾ ಪಟ್ಟಣ ಸಾಕ್ಷಿ. ಹ್ಯಾಲೋವೀನ್ ರಾತ್ರಿ ಹುಡುಗರು ಹಸುಗಳನ್ನು ಮುಖ್ಯಬೀದಿಗೆ ಬಿಟ್ಟು, ಕಿಟಕಿಗಳಿಗೆ ಸೋಪು ಬಳಿದು ಊರನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. 1920ರಲ್ಲಿ ಊರಿನವರು ಮೆರವಣಿಗೆ ಏರ್ಪಡಿಸಿ ಆ ಪುಂಡಾಟವನ್ನು ಬೇರೆ ದಾರಿಗೆ ಹಚ್ಚಿದರು. ಮೆರವಣಿಗೆ ಇಂದಿಗೂ ನಡೆಯುತ್ತದೆ.

ಎಳೆಯ ಮಕ್ಕಳಿಗೆ ಮೂಳೆ, ದೆವ್ವ ಏಕೆ ತೋರಿಸಬೇಕೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಮೂರರ ಮಗುವಿಗೆ ಮುಖವಾಡ ತೊಟ್ಟ ಅಪ್ಪನೂ ಅಪರಿಚಿತನೇ. ಅಂಥವರಿಗೆ ಮೊಟ್ಟೆಯ ಕಾಗದದ ಟ್ರೇ ಸಾಕು: ಸಾಲಾಗಿ ಮೂರು ಗುಳಿ ಕತ್ತರಿಸಿ, ಅಕ್ಕಪಕ್ಕದ ಎರಡರ ಅಂಚನ್ನು ರೆಕ್ಕೆಯಂತೆ ಕತ್ತರಿಸಿ ಕಪ್ಪು ಬಳಿದರೆ ಬಾವಲಿ. ತುಸು ದೊಡ್ಡವರಿಗೆ ಕುಂಬಳಕಾಯಿಯ ಮೇಲೆ ಮುಖ ಬರೆಯಲು ಬಿಟ್ಟರೆ ಹೆದರಿಕೆಯ ಅಳತೆ ಅವರದೇ. ಹಲ್ಲು ಎಷ್ಟಿರಬೇಕು, ಕಣ್ಣು ಸಿಟ್ಟಿನದೋ ಪೆಚ್ಚಿನದೋ ಎಂದು ಅವರು ತೀರ್ಮಾನಿಸಲಿ. ಚಾಕು ಮಾತ್ರ ದೊಡ್ಡವರ ಕೈಯಲ್ಲಿರಲಿ. ಮುಚ್ಚಳವನ್ನು ಕೊಯ್ಯುವಾಗ ಚಾಕುವನ್ನು ಓರೆಯಾಗಿ, ಮೊನೆ ಕಾಯಿಯ ನಡುವಿಗೆ ತಿರುಗಿರುವಂತೆ ಹಿಡಿಯಬೇಕು. ನೆಟ್ಟಗೆ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಮೊಂಬತ್ತಿಗಿಂತ ಬ್ಯಾಟರಿ ದೀಪ ಕ್ಷೇಮ. ಇಲ್ಲಿ ನನಗಿರುವ ಭಯ ದೆವ್ವದ್ದಲ್ಲ, ಅಪ್ಪ ಅಮ್ಮಂದಿರದ್ದು. ಚೆಂದ ಬರಲಿಲ್ಲವೆಂದು ಮಗುವಿನ ಕೈಯಿಂದ ಕತ್ತರಿ ಕಿತ್ತುಕೊಂಡು, ಫೋಟೋಗೆ ಒಪ್ಪುವ ಹಾಗೆ ತಾವೇ ಮಾಡಿ ಮುಗಿಸಿದರೆ, ಮಗುವಿನ ಮಟ್ಟಿಗೆ ಅದೂ ಅಂಗಡಿಯ ಸಾಮಾನೇ.

ಇದು ನಮ್ಮ ಹಬ್ಬವೇ ಎಂದು ಕೇಳುವವರಿಗೆ ಉತ್ತರ ಎರಡು ಬಗೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿದ ಕನ್ನಡದ ಮನೆಗೆ ಆಯ್ಕೆ ಕಡಿಮೆ. ಬೀದಿಯ ಮಕ್ಕಳೆಲ್ಲ ಮಿಠಾಯಿಗೆ ಬಾಗಿಲು ತಟ್ಟುವಾಗ ತಮ್ಮ ಮಗು ಒಳಗೆ ಕೂರಲಾರದು. ನಮ್ಮ ಹಬ್ಬಗಳೂ ಅದೇ ಹೊತ್ತಿಗೆ ಬರುತ್ತವೆ: ಮರುದಿನವೇ ರಾಜ್ಯೋತ್ಸವ, 2024ರಲ್ಲಂತೂ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹ್ಯಾಲೋವೀನ್ ಬಗ್ಗೆ ಆಕ್ಷೇಪಕ್ಕೆ ಹೆಚ್ಚು ಬಲವಿದೆ, ಏಕೆಂದರೆ ಅಲ್ಲಿ ಅದು ಹೆಚ್ಚಾಗಿ ಕೊರಿಯರ್ ಡಬ್ಬಿಯಲ್ಲೇ ಬರುತ್ತದೆ. ಆದರೆ ದೀಪಾವಳಿಯ ಆಕಾಶಬುಟ್ಟಿಯನ್ನೂ ಹಾಗೆಯೇ ತರಿಸುವ ಮನೆ ಬರೀ ಹ್ಯಾಲೋವೀನನ್ನು ದೂರುವುದು ನ್ಯಾಯವಲ್ಲ. ಬಿದಿರ ಕಡ್ಡಿ ಬಗ್ಗಿಸಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡಲು ಬಲ್ಲ ಕರಾವಳಿಯ ಹುಡುಗನಿಗೆ ಕಾಗದದ ಬಾವಲಿ ಯಾವ ಲೆಕ್ಕ?

ನನಗೆ ಪೂರ್ತಿ ಉತ್ತರ ಹೊಳೆಯದ ಆಕ್ಷೇಪವೆಂದರೆ ದಂಡವಾಗುವ ಕಾಯಿಗಳದ್ದು. ಅಮೆರಿಕದಲ್ಲಿ ಕೊರೆಯಲೆಂದೇ ಬೆಳೆಯುವ ತಳಿಗಳಿವೆ. ಮಸಾಚುಸೆಟ್ಸ್‌ನ ರೈತ ಜಾನ್ ಹೌಡನ್ ರೂಪಿಸಿದ ತಳಿ ಅವುಗಳಲ್ಲಿ ಹೆಸರಾದದ್ದು: ಗಟ್ಟಿ ತೊಟ್ಟು, ಒಪ್ಪವಾದ ಆಕಾರ, ಸಪ್ಪೆ ರುಚಿ. ಕೊರೆದ ಕಾಯಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬೀಜ ಹುರಿದು ತಿಂದರೂ ಉಳಿದದ್ದು ಗೊಬ್ಬರದ ಗುಂಡಿಗೋ ಕಸಕ್ಕೋ. ಕೊರೆಯದೆ ಬಣ್ಣ ಬಳಿದರೆ ವಾರಗಟ್ಟಲೆ ನಿಲ್ಲುತ್ತದೆ, ಒಳಗಿನ ಬೆಳಕು ಮಾತ್ರ ಸಿಗದು. ನಮ್ಮ ಕಡೆ ಸಿಹಿಗುಂಬಳದ ಮೇಲೆ ಬರೀ ಸೀಮೆಸುಣ್ಣದಲ್ಲಿ ಮುಖ ಬರೆಯುವುದು ಒಳ್ಳೆಯದು. ತೊಳೆದು ಹೆಚ್ಚಿದರೆ ಮರುದಿನದ ಹುಳಿಗಾಯಿತು.