ಕ್ರಿಸ್‌ಮಸ್ಸೂ ಸಂಕ್ರಾಂತಿಯೂ: ಒಂದು ಹಳೆಯ ಲೆಕ್ಕ



ನಮ್ಮ ಸೇಲಂ, ಧರ್ಮಪುರಿ ಸೀಮೆಯಲ್ಲಿ ಮಾರ್ಗಳಿ ತಿಂಗಳು ಬಂತೆಂದರೆ ಒಂದೇ ಬೀದಿಯಲ್ಲಿ ಎರಡು ಬಗೆಯ ಸಡಗರ. ಒಂದು ಮನೆಯ ಮುಂದೆ ನಕ್ಷತ್ರದ ದೀಪ. ಪಕ್ಕದ ಮನೆಯ ಮುಂದೆ ರಂಗೋಲಿ, ಸಗಣಿಯುಂಡೆಯ ಮೇಲೆ ಕುಂಬಳದ ಹೂ. ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ. ಪೊಂಗಲ್ ಎನ್ನಿ, ಸಂಕ್ರಾಂತಿ ಎನ್ನಿ, ಅದು ಜನವರಿ 14 ಅಥವಾ 15ಕ್ಕೆ.

ಕಳೆದ ವರ್ಷ ನಮ್ಮೂರ ಟೀ ಅಂಗಡಿಯಲ್ಲಿ ಇಬ್ಬರು ಹುಡುಗರು ಜಗಳಕ್ಕೇ ನಿಂತರು. "ನಿಮ್ಮ ಹಬ್ಬ ಸೂರ್ಯನ ಹಬ್ಬದಿಂದ ಕದ್ದದ್ದು ಕಣೋ" ಎಂದು ಒಬ್ಬ. "ನೀವೇ ದನಕ್ಕೂ ಬಿಸಿಲಿಗೂ ಕೈಮುಗಿಯುವವರು" ಎಂದು ಇನ್ನೊಬ್ಬ. ದಿನವೂ ಜೊತೆಯಲ್ಲೇ ಬಸ್ಸು ಹತ್ತುವ ಹುಡುಗರು, ಅಂದಿನಿಂದ ಮಾತು ಬಿಟ್ಟರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ತೋಚಿದ್ದಿಷ್ಟೆ: ಜಗಳಕ್ಕೆ ಮೊದಲು ಲೆಕ್ಕ ನೋಡಬೇಕು.

ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಅಂದು ಹಗಲು ಅತಿ ಚಿಕ್ಕದು. ಧರ್ಮಪುರಿಯಲ್ಲಿ ನೂರು ಸೆಂಟಿಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ, ಅಂದಿನ ನಡುಹಗಲಿನ ನೆರಳು ಸುಮಾರು 71 ಸೆಂಟಿಮೀಟರ್. ಸಂಕ್ರಾಂತಿಯ ದಿನ ಸುಮಾರು 66. ಅಂದರೆ ಸಂಕ್ರಾಂತಿಗೆ ಮೊದಲೇ ಸೂರ್ಯ ತಿರುಗಿಯಾಗಿದೆ.

ಹಾಗಾದರೆ ನಮ್ಮ ಹಿರಿಯರು ತಪ್ಪಿದರೇ? ಇಲ್ಲ. ಪಂಚಾಂಗವು ಸೂರ್ಯನನ್ನು ನಕ್ಷತ್ರಗಳ ಲೆಕ್ಕದಲ್ಲಿ ಎಣಿಸುತ್ತದೆ. ಆ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಬಡ್ಡಿ ಬೆಳೆದಂತೆ, ಸುಮಾರು 71 ವರ್ಷಕ್ಕೆ ಒಂದು ದಿನ ಸೇರುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿಯೂ ಸೂರ್ಯನ ತಿರುವೂ ಒಂದೇ ದಿನ ಬೀಳುತ್ತಿದ್ದವು.

ಅತ್ತ ರೋಮಿನವರು ಆ ತಿರುವನ್ನು ಡಿಸೆಂಬರ್ 25 ಎಂದು ಎಣಿಸುತ್ತಿದ್ದರು. ಅವರಲ್ಲೂ ಸೂರ್ಯಾರಾಧನೆಯಿತ್ತು, ಕ್ರಿ.ಶ. 274ರಲ್ಲಿ ಚಕ್ರವರ್ತಿ ಆರೇಲಿಯನ್ ಸೂರ್ಯನಿಗೆ ಗುಡಿಯನ್ನೇ ಕಟ್ಟಿಸಿದ. ಯೇಸು ಹುಟ್ಟಿದ ತಾರೀಖು ಬೈಬಲಿನಲ್ಲಿಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಕ್ರಿಸ್‌ಮಸ್ಸಿಗೆ ಸಿಗುವ ಮೊದಲ ದಾಖಲೆ 336ನೇ ಇಸವಿಯದು. ಸೂರ್ಯನ ಹಬ್ಬದ ದಿನವನ್ನೇ ಆರಿಸಿಕೊಂಡರೆಂದು ಕೆಲವು ಪಂಡಿತರು; ಮರಿಯಮ್ಮನವರು ಗರ್ಭ ಧರಿಸಿದ ದಿನ ಮಾರ್ಚ್ 25 ಎಂದು ನಂಬಿ, ಒಂಬತ್ತು ತಿಂಗಳು ಎಣಿಸಿದರೆಂದು ಇನ್ನು ಕೆಲವರು. ಪಂಡಿತರೇ ಒಪ್ಪದ ಮಾತಿಗೆ ಟೀ ಅಂಗಡಿಯಲ್ಲಿ ಕಳ್ಳತನದ ತೀರ್ಪು ಬೇಡ.

ರೋಮಿನ ಕ್ಯಾಲೆಂಡರಿನಲ್ಲೂ ವರ್ಷಕ್ಕೆ 11 ನಿಮಿಷದ ತಪ್ಪಿತ್ತು. 1582ರಲ್ಲಿ ಪೋಪ್ ಗ್ರೆಗೊರಿಯವರು 10 ದಿನ ಕಳೆದು ಅದನ್ನು ಸರಿಪಡಿಸಿದರು. ಆದ್ದರಿಂದ ಕ್ರಿಸ್‌ಮಸ್ ತಿರುವಿನ ಹತ್ತಿರವೇ ನಿಂತಿತು, ಸಂಕ್ರಾಂತಿ ದೂರ ಸರಿಯಿತು.

ಎರಡೂ ಒಂದೇ ಹಬ್ಬವೆಂದು ನಾನು ಹೇಳುತ್ತಿಲ್ಲ. ಒಂದು ಮಗು ಹುಟ್ಟಿದ ಸಂತೋಷ. ಇನ್ನೊಂದು ಸೂರ್ಯನಿಗೆ, ಹೊಲಕ್ಕೆ, ಎತ್ತಿಗೆ ಸಲ್ಲಿಸುವ ಕೃತಜ್ಞತೆ. ಆದರೆ ನಮ್ಮ ನಾಡಿನ ಎಷ್ಟೋ ಚರ್ಚುಗಳ ಅಂಗಳದಲ್ಲೂ ಪೊಂಗಲ್ ಉಕ್ಕುತ್ತದೆ. ಹೊಸ ಅಕ್ಕಿ ಎಲ್ಲರ ಮನೆಗೂ ಬರುತ್ತದಲ್ಲವೇ?

ಈ ಡಿಸೆಂಬರಿಗೆ ಆ ಇಬ್ಬರನ್ನೂ ಕರೆದು, ಕೈಗೊಂದು ಕೋಲು ಕೊಟ್ಟು, ನೆರಳು ಅಳೆಯಿರಪ್ಪಾ ಎನ್ನುವವನಿದ್ದೇನೆ. ನಿಮ್ಮ ಊರಿನಲ್ಲೂ ಅಳೆದು ನೋಡಿ.